ಗಾಜಿನ ಮೇಲಿನ ಕರಿ ಟೇಪು

ನಮ್ಮ ಅಂಗಡಿಗೆ ಬೋರ್ಡಿಲ್ಲ, ಗೋಡೆಯೇ ಬೋರ್ಡು. ಅಂಗಳದ ಆ ತುದಿಯಲ್ಲಿ ಸುಣ್ಣ ಬಳಿದ ಗೋಡೆ, ಅದರ ಮೇಲೆ ನನ್ನ ಗಂಡ ಎಳೆದ ಕೆಂಪು ಗೆರೆ. ಈ ತುದಿಯಲ್ಲಿ ಗಾಡಿ ನಿಲ್ಲಿಸಲು ನೆಲದ ಮೇಲೆ ಇನ್ನೊಂದು ಗೆರೆ. ಗಾಡಿ ಇಲ್ಲಿ ನಿಲ್ಲಬೇಕು, ಬೆಳಕು ಅಲ್ಲಿ ಬೀಳಬೇಕು, ಕೆಂಪು ಗೆರೆ ದಾಟಿದರೆ ತಿರುಪು ತಿರುಗಿಸಿ ಇಳಿಸಬೇಕು. ನಮ್ಮ ಹೊಟ್ಟೆಪಾಡು ಇಷ್ಟೇ. ಹೆಡ್‌ಲೈಟ್ ಬಿಟ್ಟು ಗಾಡಿಯ ಇನ್ಯಾವ ಭಾಗಕ್ಕೂ ನಾವು ಕೈ ಹಚ್ಚುವುದಿಲ್ಲ. ಇಂಜಿನ್ ಸದ್ದು ಮಾಡುತ್ತದೆ ಎಂದು ಯಾರಾದರೂ ಬಂದರೆ, "ಕಣ್ಣಿನ ಡಾಕ್ಟ್ರ ಹತ್ರ ಹೊಟ್ಟೆನೋವು ಅಂತ ಬಂದ್ರಲ್ರೀ" ಎಂದು ನಾನೇ ಸಾಗಹಾಕುತ್ತೇನೆ. ನನ್ನ ಬಾಯಿ ಅಂಥದ್ದು.

ಗಂಡನನ್ನು ಎಲ್ಲರೂ ಲೈಟ್ ಮೇಸ್ತ್ರಿ ಎನ್ನುತ್ತಾರೆ. ಬೆಳಗಿನಿಂದ ಸಂಜೆವರೆಗೆ ಆಡುವ ಮಾತನ್ನು ಒಂದು ಅಂಗೈಯಲ್ಲಿ ಹಿಡಿಯಬಹುದು. ಉಳಿದ ಮಾತೆಲ್ಲ ನನ್ನ ಪಾಲಿಗೆ ಬಂದಿದೆ, ಜೊತೆಗೆ ಉಜ್ಜುವ ಕೆಲಸವೂ. ಈಗಿನ ಹೆಡ್‌ಲೈಟಿಗೆ ಗಾಜು ಅಂತ ಹೇಳುತ್ತೇವೆಯೇ ಹೊರತು ಅದು ಪ್ಲಾಸ್ಟಿಕ್ಕು. ಬಿಸಿಲಿಗೆ ಹಳದಿ ತಿರುಗಿ ಪೊರೆ ಬಂದಂತಾಗುತ್ತದೆ. ನೀರು ಹಾಕಿಕೊಂಡು ಎಮರಿ ಕಾಗದದಲ್ಲಿ ಉಜ್ಜಿ, ಆಮೇಲೆ ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರೆ ಮತ್ತೆ ಕಣ್ಣು ಬಿಡುತ್ತದೆ. ಹೀಗೆ ತಿಕ್ಕಿ ತಿಕ್ಕಿ ನನ್ನ ಉಗುರುಗಳು ಬಣ್ಣಗೆಟ್ಟು ಎಷ್ಟೋ ಕಾಲವಾಯಿತು.

ಡಿಮ್ ಬೆಳಕಿಗೆ ಒಂದು ಅಂಚಿದೆ ಎಂಬುದು ಗಾಡಿ ಓಡಿಸುವ ಬಹಳ ಮಂದಿಗೆ ಗೊತ್ತಿಲ್ಲ. ಗೋಡೆಗೆ ಬಿಟ್ಟು ನೋಡಿದರೆ ಕತ್ತರಿಯಲ್ಲಿ ಕತ್ತರಿಸಿದ ಬಟ್ಟೆಯಂತೆ ಕಾಣುತ್ತದೆ: ಕೆಳಗೆ ಬೆಳಕು, ಮೇಲೆ ಕತ್ತಲೆ. ಎದುರಿನಿಂದ ಬರುವವರ ಕಡೆ ಆ ಅಂಚು ತಗ್ಗಿರಬೇಕು, ಅವರ ಕಣ್ಣಿಗೆ ಹೊಡೆಯಬಾರದು. ರಸ್ತೆಯಂಚಿನ ಕಡೆ ಮಾತ್ರ ಕೊಂಚ ಮೇಲೇರುತ್ತದೆ. ನಡೆದು ಹೋಗುವವರು, ಸೈಕಲ್ಲಿನವರು ಕಾಣಲಿ ಎಂದು ಯಾರೋ ಪುಣ್ಯಾತ್ಮ ಕೂತು ಯೋಚಿಸಿ ಮಾಡಿದ್ದು. ಆದರೆ ಕೆಲವು ದೇಶಗಳಲ್ಲಿ ಗಾಡಿಗಳು ರಸ್ತೆಯ ಇನ್ನೊಂದು ಮಗ್ಗುಲಲ್ಲಿ ಓಡುತ್ತವೆ, ಅಲ್ಲಿಯ ಬೆಳಕು ಏರುವುದೂ ಇನ್ನೊಂದು ಮಗ್ಗುಲಿಗೆ. ಅಲ್ಲಿ ಗುಜರಿಗೆ ಬಿದ್ದ ಗಾಡಿಗಳ ದೀಪಗಳು ಕಂಟೇನರಿನಲ್ಲಿ ಬಂದು ಇಲ್ಲಿಯ ಗುಜರಿ ಅಂಗಡಿಗಳಲ್ಲಿ ರಾಶಿ ಬೀಳುತ್ತವೆ. ಹಳೇ ಮಾಡೆಲ್ಲಿನ ಗಾಡಿಗೆ ಬೇರೆ ದೀಪ ಸಿಗದಿದ್ದರೆ ನನ್ನ ಗಂಡ ಅದನ್ನೇ ಹಾಕುತ್ತಿದ್ದ. ಹಾಕಿ, ಗೋಡೆಗೆ ಬಿಟ್ಟು, ಎದುರಿನವರ ಕಡೆ ಏರುವ ಬೆಳಕು ಗಾಜಿನ ಯಾವ ಜಾಗದಿಂದ ಬರುತ್ತದೆ ಎಂದು ಬೆರಳಿಟ್ಟು ಹುಡುಕಿ, ಅಲ್ಲಿಗೆ ಕರಿ ಟೇಪಿನ ಒಂದು ತುಂಡನ್ನು ಮೂರು ಮೂಲೆಯಾಗಿ ಕತ್ತರಿಸಿ ಅಂಟಿಸುತ್ತಿದ್ದ. ಏರುವ ಬೆಳಕು ಅಲ್ಲೇ ಸಾಯುತ್ತಿತ್ತು. ಇದು ನಮ್ಮ ಅಂಗಡಿಯ ಪದ್ಧತಿ. ಹೊರಗಿನವರಿಗೆ ಅದೊಂದು ಹಳೇ ಸ್ಟಿಕರಿನ ಚೂರಿನಂತೆ ಕಾಣುತ್ತದೆ.

ನನ್ನ ತಮ್ಮನಿಗೆ ಗಡಿಬಿಡಿ ಎಂದು ಹೆಸರಿಟ್ಟವಳು ನಾನೇ, ಆಮೇಲೆ ಇಡೀ ಬೀದಿ ಹಾಗೇ ಕರೆಯಿತು. ಅಮ್ಮ ಹೋದಾಗ ಅವನಿಗೆ ಶರ್ಟಿನ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನನ್ನ ಸೊಂಟದ ಮೇಲೆ ಬೆಳೆದವನು. ತಟ್ಟೆ ಇಡುವ ಮೊದಲೇ ಊಟಕ್ಕೆ ಕೂರುತ್ತಾನೆ, ಕೂತವನು ಪಕ್ಕದವರ ತಟ್ಟೆ ಖಾಲಿಯಾಗುವ ಮೊದಲೇ ಅದನ್ನೂ ತೊಳೆಯಲು ಎತ್ತುತ್ತಾನೆ. ಕಲೆ ಕಂಡರೆ ಉಜ್ಜಬೇಕು, ಗಂಟು ಕಂಡರೆ ಬಿಚ್ಚಬೇಕು, ಯಾರದೇ ಕೆಲಸವಿರಲಿ ತಾನು ಮಾಡಿ ಮುಗಿಸಿ "ಹೆಂಗಿದೆ ಅಕ್ಕ?" ಎಂದು ಹಲ್ಲು ಕಿರಿಯಬೇಕು. ಆದರೆ ಸ್ಟೇರಿಂಗ್ ಹಿಡಿದರೆ ಬೇರೆಯೇ ಮನುಷ್ಯ. ಬ್ರೆಡ್ ಕಂಪನಿಯ ವ್ಯಾನು ಓಡಿಸುತ್ತಿದ್ದ. ಅವನ ಹಿಂದೆ ಸಿಕ್ಕಿಕೊಂಡವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು. ಒಂದು ನಾಯಿಮರಿಗೂ ಅವನು ಗಾಡಿ ತಾಗಿಸಿದ್ದಿಲ್ಲ.

ಅಂಥವನು ಒಬ್ಬ ಹೆಂಗಸಿನ ಮೇಲೆ ವ್ಯಾನು ಹತ್ತಿಸಿದ.

ಕೋಲ್ಡ್ ಸ್ಟೋರೇಜ್ ಹಿಂದಿನ ರಸ್ತೆ ಅದು. ಬೀದಿ ದೀಪವಿಲ್ಲ, ಎರಡು ಗಾಡಿ ಎದುರಾದರೆ ಮೈ ತಾಗುವಷ್ಟು ಕಿರಿದು. ಹೊತ್ತು ಮುಳುಗಿ ಆಗಷ್ಟೇ ಕತ್ತಲಾಗಿತ್ತು. ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುವವಳು ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದಳು. ತಮ್ಮ ಅವಳ ಹಿಂದಿನಿಂದ ಬಂದ. ಎದುರಿನಿಂದ ಒಂದು ಕಾರು.

"ಬಿಳೀ ಬೆಳಕು ಅಕ್ಕ, ಕಣ್ಣೊಳಗೇ ಬಂತು," ಎಂದ, ಪೊಲೀಸ್ ಸ್ಟೇಷನ್ನಿನಿಂದ ಬಿಡಿಸಿಕೊಂಡು ಬಂದ ದಿನ, ನನ್ನ ಅಡುಗೆಮನೆಯ ನೆಲದ ಮೇಲೆ ಕೂತು. "ನಾನು ಡಿಪ್ಪರ್ ಹೊಡೆದೆ. ಎರಡು ಸಲ ಹೊಡೆದೆ. ಅವನು ಇಳಿಸಲಿಲ್ಲ. ಬ್ರೇಕ್ ಮೇಲೆ ಕಾಲಿಟ್ಟಿದ್ದೆ ಅಕ್ಕ, ನಿಜವಾಗ್ಲೂ ಇಟ್ಟಿದ್ದೆ. ಬೆಳಕು ಆ ಕಡೆ ಹೋದ ಮೇಲೆ ಎಲ್ಲಾ ಕಪ್ಪಾಯ್ತು. ಆ ಕಪ್ಪೊಳಗೆ ಸದ್ದಾಯ್ತು."

ಪೊಲೀಸರು ಇದನ್ನು ನಂಬಲಿಲ್ಲ. ಬ್ರೆಡ್ ಕಂಪನಿಯವರು ಕೇಳಿಸಿಕೊಳ್ಳಲೇ ಇಲ್ಲ. ಕಾರಿನವನು ನಿಂತಿರಲಿಲ್ಲ, ನೋಡಿದವರು ಯಾರೂ ಇಲ್ಲ. ಇಲ್ಲದ ಕಾರಿನ ಕತೆ ಕಟ್ಟುತ್ತಾನೆ, ಸ್ಟೇರಿಂಗ್ ಮೇಲೆ ತೂಕಡಿಸಿದ್ದಾನೆ ಅಂದರು. ನನಗೆ ಮೈ ಉರಿದುಹೋಯಿತು. "ಅವನು ನಿದ್ದೆ ಮಾಡೋದು ಹಾಸಿಗೆ ಮೇಲೆ, ನಿಮ್ಮ ಹಾಗೆ ಕುರ್ಚಿ ಮೇಲಲ್ಲ" ಎಂದು ಆ ಸ್ಟೇಷನ್ನಿನಲ್ಲೇ ಅಂದುಬಿಟ್ಟೆ. ಗಂಡ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದ.

ಅವನನ್ನು ನಂಬಿದ ಹೊರಗಿನವನು ಒಬ್ಬನೇ, ಆ ಹೊಲಿಗೆಯವಳ ಗಂಡ. ಅವಳಿಗೆ ಎಚ್ಚರವಿರಲಿಲ್ಲ, ಆಸ್ಪತ್ರೆಯಲ್ಲಿ ಮೂಗಿಗೆ ಬಾಯಿಗೆ ನಳಿಗೆ ಹಾಕಿ ಮಲಗಿಸಿದ್ದರು. ತಮ್ಮ ದಿನಾ ಹೋಗಿ ವಾರ್ಡಿನ ಹೊರಗೆ ನಿಲ್ಲುತ್ತಿದ್ದ. ಹೊಡೆತ ತಿನ್ನುತ್ತಾನೆಂದು ಹೆದರಿ ನಾನೂ ಜೊತೆಗೆ ಹೋಗುತ್ತಿದ್ದೆ. ಆ ಗಂಡ ವೆಲ್ಡರ್. ತೋಳಿನ ತುಂಬ ಕಿಡಿ ಬಿದ್ದ ಕಲೆಗಳು. ಮೊದಲು ಕೆಲವು ದಿನ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಒಂದು ದಿನ ಬೆಂಚಿನ ಮೇಲೆ ತಮ್ಮನ ಪಕ್ಕದಲ್ಲೇ ಕೂತ.

"ಒಂದೇ ಮಾತು ಕೇಳ್ತೀನಿ," ಎಂದ. "ಲೈಟ್ ಇತ್ತಾ?"

"ಇತ್ತು ಅಣ್ಣ."

"ವೆಲ್ಡಿಂಗ್ ಆರ್ಕ್ ನೋಡ್ದಾಗ ನನಗೂ ಹಂಗೇ ಆಗುತ್ತೆ. ಆಮೇಲೆ ಸ್ವಲ್ಪ ಹೊತ್ತು ಕೈ ಚಾಚಿದ್ರೆ ಕೈಯೇ ಕಾಣಲ್ಲ." ತನ್ನ ಅಂಗೈಯನ್ನು ನೋಡಿಕೊಂಡ. "ಆ ಗಾಡಿ ಹುಡುಕು. ನಿನ್ನ ಬಿಟ್ಟುಬಿಡ್ಲಿ ಅಂತಲ್ಲ. ಇವಳು ಯಾತಕ್ಕೆ ಹಿಂಗೆ ಮಲಗಿದ್ದಾಳೆ ಅಂತ ನನಗೆ ಗೊತ್ತಾಗ್ಬೇಕು."

ಅಂದಿನಿಂದ ತಮ್ಮನಿಗೆ ಒಂದೇ ಜಪ. ಕಂಪನಿಯವರು ಕೆಲಸದಿಂದ ತೆಗೆದದ್ದು, ಲೈಸೆನ್ಸ್ ಕಿತ್ತುಕೊಂಡದ್ದು, ಕೇಸು ಹಾಕಿದ್ದು ಯಾವುದೂ ಅವನ ತಲೆಗೆ ಹೋಗಲಿಲ್ಲ. "ಆ ಗಾಡಿ ಸಿಕ್ರೆ ಸಾಕು ಅಕ್ಕ, ಅವರ ಮುಂದೆ ನಿಲ್ಲಿಸಿ, ನೋಡಿ ಅಣ್ಣ ಇದೇ ಅಂತ ತೋರಿಸಿದ್ರೆ ಸಾಕು." ಆ ರಸ್ತೆಗೆ ಹೋಗಲು ಮಾತ್ರ ಅವನ ಕಾಲು ಬರಲಿಲ್ಲ. ಒಮ್ಮೆ ಹೊರಟವನು ಮೂಲೆಯಲ್ಲೇ ವಾಂತಿ ಮಾಡಿಕೊಂಡ. ಹಾಗಾಗಿ ನಾನು ಹೋದೆ.

ಕೋಲ್ಡ್ ಸ್ಟೋರೇಜಿನ ಹಿಂದಿನ ಗೇಟಿನ ಹತ್ತಿರ ಸಂಜೆ ಸಂಜೆ ಸ್ಟೂಲು ಹಾಕಿಕೊಂಡು ಕೂತೆ. ಅಲ್ಲಿಯ ವಾಚ್‌ಮನ್ ಮುದುಕ ನನ್ನನ್ನು ನೋಡಿ, "ಏನ್ ತಾಯಿ, ಯಾರಿಗಾದ್ರೂ ಕಾಯ್ತಿದ್ದೀರಾ?" ಎಂದ. "ಹೂಂ, ಯಮನಿಗೆ. ಬಂದ್ರೆ ನಿಮ್ಮನ್ನ ಮೊದ್ಲು ತೋರಿಸ್ತೀನಿ" ಎಂದೆ. ಅವನು ನಕ್ಕು ತನ್ನ ಚಹಾದಲ್ಲಿ ಅರ್ಧ ಕೊಟ್ಟ. ಆಮೇಲೆ ದಿನಾ ಕೊಟ್ಟ.

ಆ ಸಂಜೆಗಳಲ್ಲಿ ನೋಡಿದಷ್ಟು ಹೆಡ್‌ಲೈಟುಗಳನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಒಂದು ಕಣ್ಣು ಸತ್ತವು, ಒಂದು ನೆಲ ನೋಡಿದರೆ ಇನ್ನೊಂದು ಆಕಾಶ ನೋಡುವವು, ಮದುವೆ ಚಪ್ಪರದಂತೆ ನೀಲಿ ಬಲ್ಬು ಹಾಕಿಕೊಂಡವು. ಎತ್ತರದ ದೊಡ್ಡ ಗಾಡಿಗಳ ಡಿಮ್ಮೇ ಸಣ್ಣ ಗಾಡಿಯವರ ಹಣೆಗೆ ಹೊಡೆಯುತ್ತಿತ್ತು. ಎಲ್ಲರಿಗೂ ತಮಗೆ ಚೆನ್ನಾಗಿ ಕಾಣಬೇಕು, ಎದುರಿನವನು ಕುರುಡಾದರೆ ಅದು ಅವನ ಹಣೆಬರಹ. ಕೂತಲ್ಲೇ ಬೈದು ಬೈದು ನನ್ನ ಗಂಟಲು ಕಟ್ಟುತ್ತಿತ್ತು. ಆದರೂ ಯಾವುದೂ ತಮ್ಮ ಹೇಳಿದ ಬೆಳಕಲ್ಲ. ಪೂರ್ತಿ ಬ್ರೈಟ್ ಹಾಕಿಕೊಂಡು ಬಂದವನ ಬೆಳಕು ಎಲ್ಲಾ ಕಡೆ ಹರಡುತ್ತದೆ. ಇವನಿಗೆ ಹೊಡೆದದ್ದು ಚೂರಿಯಂತೆ ಒಂದೇ ಕಡೆ ಏರಿದ ಬೆಳಕು.

ಅದು ಬಂದಾಗ ನನಗೆ ಕ್ಷಣವೂ ಬೇಕಾಗಲಿಲ್ಲ. ತಿರುವಿನಾಚೆಯಿಂದ ಬಂತು, ನನ್ನ ಕಣ್ಣು ಗಪ್ಪನೆ ಮುಚ್ಚಿಕೊಂಡಿತು. ಬಿಳಿ ಬೆಳಕು, ರಸ್ತೆಯಂಚಿನ ಕಡೆ ತಗ್ಗಿ, ಎದುರಿನವರ ಕಡೆ ಏರಿದ್ದು. "ಸಿಕ್ತು ಕಣೋ ಮುಂಡೇದೇ!" ಎಂದು ಚಹಾ ಲೋಟ ಅಲ್ಲೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಓಡಿದೆ. ಮುಂದಿನ ಪೆಟ್ರೋಲ್ ಬಂಕಿಗೆ ಕಾರು ತಿರುಗಿತು. ಏದುಸಿರು ಬಿಡುತ್ತಾ ಹೋಗಿ ಅದರ ಮುಂದೆ ನಿಂತೆ. ಬೈಯಲು ಬಾಯಿ ತೆರೆದಿದ್ದೆ.

"ಅಯ್ಯೋ ನೀವಾ!" ಎಂದು ಇಳಿದವರು ನಮ್ಮ ಹಲ್ಲಿನ ಡಾಕ್ಟರು. ನನ್ನ ದವಡೆ ಹಲ್ಲು ಕಿತ್ತವರು, ಬಹಳ ಮೆದು ಮನುಷ್ಯ, ಇರುವೆ ತುಳಿದರೂ ಸಾರಿ ಹೇಳುವ ಜಾತಿ. "ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂದ್ಕೊಂಡಿದ್ದೆ. ನಿಮ್ಮ ತಮ್ಮ ಲೈಟ್ ಎಂಥ ಚೆನ್ನಾಗಿ ಉಜ್ಜಿ ಕೊಟ್ಟಿದ್ದಾರೆ ನೋಡಿ, ಕನ್ನಡಿ ಥರ! ಕತ್ತಲಾದ ಮೇಲೆ ಓಡಿಸೋಕೆ ಎಷ್ಟು ಹಾಯಾಗಿದೆ ಗೊತ್ತಾ?"

ಬಗ್ಗಿ ಗಾಜಿನ ಮೇಲೆ ಕೈ ಆಡಿಸಿದೆ. ಒಂದು ಗೀರಿಲ್ಲ, ಒಂದು ಅಂಟಿಲ್ಲ. ಆ ದೀಪ ಹೊರಗಿನ ದೇಶದ್ದು, ನನ್ನ ಗಂಡನೇ ಹಾಕಿದ್ದು, ಕರಿ ಟೇಪು ಅಂಟಿಸಿದ್ದು ನಾನು ಕಣ್ಣಾರೆ ಕಂಡದ್ದು. ಈಗ ಟೇಪಿಲ್ಲ. ಅಪಘಾತಕ್ಕೆ ಮೊದಲು, ನಾನು ಜ್ವರ ಬಂದು ಮಲಗಿದ್ದಾಗ, ಗಂಡ ಬಲ್ಬು ತರಲು ಪೇಟೆಗೆ ಹೋಗಿದ್ದಾಗ, ರಜೆಯಲ್ಲಿದ್ದ ತಮ್ಮ ಅಂಗಡಿ ನೋಡಿಕೊಂಡಿದ್ದ. ಡಾಕ್ಟರ ಗಾಡಿ ತಾನೇ ಉಜ್ಜಿದೆ ಎಂದು ನನ್ನ ಹಾಸಿಗೆಯ ಹತ್ತಿರ ಬಂದು ಹೇಳಿದ್ದ. "ಯಾವುದೋ ಹಳೇ ಸ್ಟಿಕರ್ ಅಂಟಿತ್ತು ಅಕ್ಕ, ಸೀಮೆಎಣ್ಣೆ ಹಾಕಿ ತೆಗ್ದೆ. ಹೆಂಗಿದೆ ಅಂತ ಎದ್ದ ಮೇಲೆ ನೋಡು." ಜ್ವರದ ಕಿವಿಗೆ ಆ ಮಾತು ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

"ಡಾಕ್ಟ್ರೇ, ನೀವು ದಿನಾ ಇದೇ ರಸ್ತೇಲಿ ಬರ್ತೀರಾ?" ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

"ದಿನಾ. ಕ್ಲಿನಿಕ್ ಮುಚ್ಚಿದ ತಕ್ಷಣ."

"ಎದುರಿನವರು ಯಾರೂ ಡಿಪ್ಪರ್ ಹೊಡೆಯಲ್ವಾ?"

"ಹೊಡೀತಾರಪ್ಪ, ಈಗ ಬಹಳ ಜನ ಹೊಡೀತಾರೆ. ನಾನು ಡಿಮ್ಮಲ್ಲೇ ಇರ್ತೀನಿ, ಮತ್ತೆ ಯಾಕೆ ಹೊಡೀತಾರೋ! ಮೊನ್ನೆ ಒಂದು ಬ್ರೆಡ್ ವ್ಯಾನು ಎರಡು ಸಲ ಮಿಟುಕಿಸ್ತು. ಯಾರೋ ಪರಿಚಯದವರು ಅಂತ ನಾನೂ ಕೈ ಎತ್ತಿ ಬಂದೆ."

ಬಂಕಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಡಾಕ್ಟರು ಗಾಬರಿಯಾಗಿ ನೀರು ತಂದು ಕೊಟ್ಟರು. ನಾಳೆ ಗಾಡಿ ಅಂಗಡಿಗೆ ತನ್ನಿ, ಒಂದು ಚೂರು ನೋಡಬೇಕು ಎಂದಷ್ಟೇ ಹೇಳಿದೆ.

ಮರುದಿನ ತಮ್ಮ ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಕಾರನ್ನು ಗೆರೆಯ ಮೇಲೆ ನಿಲ್ಲಿಸಿ, ಅಂಗಳಕ್ಕೆ ತಾಡಪಾಲು ಎಳೆದು ಕತ್ತಲು ಮಾಡಿ, ಗೋಡೆಗೆ ಬೆಳಕು ಬಿಟ್ಟೆವು. ಕೆಂಪು ಗೆರೆ ದಾಟಿ ಅದು ಎದುರಿನವರ ಕಡೆಗೆ ಏರಿ ನಿಂತಿತು. ಗಂಡ ನೋಡಿದ.

"ಯಾರು ತೆಗೆದಿದ್ದು?"

"ನಿಮ್ಮ ಭಾವಮೈದ."

"ಆ ಟೇಪು ತೆಗೀಬಾರ್ದು ಅಂತ ಅವನಿಗೆ ಗೊತ್ತಿಲ್ವಾ?"

"ಯಾರು ಹೇಳಿದ್ರು? ನೀವು ಹೇಳಿದ್ರಾ? ನಾನು ಹೇಳಿದ್ನಾ? ಬಾಯಲ್ಲಿ ಮುತ್ತು ಇಟ್ಕೊಂಡು ಕೂತಿದ್ರಲ್ರೀ ಇಷ್ಟು ವರ್ಷ!" ಕೂಗಿದೆ. ಕೂಗಿ ಆದ ಮೇಲೆ ನೆನಪಾಯಿತು, ನಾನೂ ಹೇಳಿರಲಿಲ್ಲ. ಅಷ್ಟು ಮಾತಾಡುವ ನಾನು ಇದೊಂದನ್ನು ಹೇಳಿರಲಿಲ್ಲ. ಅಂಗಡಿಯಲ್ಲಿ ನಮ್ಮಿಬ್ಬರಿಗೂ ಗೊತ್ತಿತ್ತು, ಸಾಕಾಗಿತ್ತು.

ಗಂಡ ಗೋಡೆಗೆ ಒರಗಿ ಕೂತ. "ಪೊಲೀಸಿಗೆ ನಾನೇ ಹೋಗಿ ಹೇಳ್ತೀನಿ. ನಾನೇ ಮರೆತು ತೆಗೆದೆ ಅಂತೀನಿ."

"ಅವನಿಗೇ ಗೊತ್ತಲ್ರೀ, ಉಜ್ಜಿದ್ದು ತಾನೇ ಅಂತ. ಊರಿಗೆಲ್ಲ ಹೇಳ್ಕೊಂಡು ಬಂದಿದ್ದಾನೆ. ಡಾಕ್ಟ್ರ ಗಾಡಿ ಅಂತ ಬಾಯಿಬಿಟ್ರೆ ಮುಗೀತು, ಅವನಿಗೆ ಹೊಳೆಯುತ್ತೆ."

ಎಲ್ಲಾ ಬಾಗಿಲೂ ಅಲ್ಲಿಗೇ ಬಂದು ಮುಚ್ಚಿಕೊಳ್ಳುತ್ತಿತ್ತು. ಬೆಳಕು ಇತ್ತು ಎಂದು ತೋರಿಸಬೇಕಾದರೆ, ಆ ಬೆಳಕನ್ನು ಬಿಟ್ಟವನು ನೀನೇ ಎಂದೂ ಹೇಳಬೇಕು. ಈಗಲೇ ಅವನು ಅನ್ನ ನುಂಗುತ್ತಿರಲಿಲ್ಲ. ಇದನ್ನು ಕೇಳಿದರೆ ಅವನು ಬದುಕುವುದಿಲ್ಲ ಎಂದು ನನಗೆ ಅನ್ನಿಸಿತು. ಕೊನೆಗೆ ಗಂಡ ಹೆಂಡತಿ ಒಂದು ಮಾತಿಗೆ ಬಂದೆವು: ಆ ಹೆಂಗಸು ಕಣ್ಣು ಬಿಡಲಿ. ಅವಳು ಎದ್ದು ಕೂತ ದಿನ ಎಲ್ಲಾ ಹೇಳೋಣ, ಆಗ ಅವನು ತಡೆದುಕೊಳ್ಳುತ್ತಾನೆ. ಗಂಡ ಟೇಪು ಕತ್ತರಿಸಿ ಮತ್ತೆ ಅಂಟಿಸಿದ. ಡಾಕ್ಟರಿಗೆ ಮಾತ್ರ ಮುಖ ಸಪ್ಪಗಾಯಿತು. "ಮೊದಲೇ ಚೆನ್ನಾಗಿತ್ತಲ್ಲ ಮೇಸ್ತ್ರಿ" ಎಂದರು.

ಆ ಸಂಜೆ ತಮ್ಮ ಬಾಗಿಲಲ್ಲೇ ಕಾದಿದ್ದ. "ಸಿಕ್ತಾ ಅಕ್ಕ?"

"ಇಲ್ಲ ಕಣೋ."

ಮರುದಿನವೂ ಕೇಳಿದ. ಸುಮ್ಮನೆ ನಂಬಿಸಲಿಕ್ಕೆ ನಾನು ಹೋಗಿ ಸ್ಟೂಲಿನ ಮೇಲೆ ಕೂತು ಬರುತ್ತಿದ್ದೆ. ವಾಚ್‌ಮನ್ ಕೊಟ್ಟ ಚಹಾ ಹಾಗೇ ಆರಿಹೋಗುತ್ತಿತ್ತು. ತಮ್ಮ ದಿನದಿನಕ್ಕೂ ಇಳಿದುಹೋಗುತ್ತಿದ್ದ, ಆದರೆ ಕೇಳುವುದನ್ನು ಮಾತ್ರ ಬಿಡಲಿಲ್ಲ. ಬೇರೆ ರಸ್ತೆ ನೋಡೋಣವಾ, ಲಾರಿ ಸ್ಟ್ಯಾಂಡಿನಲ್ಲಿ ವಿಚಾರಿಸೋಣವಾ, ಗ್ಯಾರೇಜುಗಳಲ್ಲಿ ಕೇಳೋಣವಾ. ಗ್ಯಾರೇಜು ಅಂದ ಕೂಡಲೇ ನನಗೆ ಮೈಮೇಲೆ ಬಂದಂತಾಯಿತು.

"ಸಾಕು ಮಾಡೋ! ಎಲ್ಲಾ ನೋಡಿದ್ದೀನಿ. ಅಂಥ ಗಾಡಿ ಈ ಊರಲ್ಲೇ ಇಲ್ಲ. ಇದ್ರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ವಾ?"

ಅವನು ನನ್ನ ಮುಖ ನೋಡಿದ. ಬೆಳಕಿನ ವಿಷಯದಲ್ಲಿ ಅಕ್ಕ ತಪ್ಪುವುದಿಲ್ಲ ಎಂದು ಚಿಕ್ಕಂದಿನಿಂದ ನಂಬಿದವನು. "ಹೌದಲ್ವಾ," ಎಂದ ಮೆಲ್ಲಗೆ. "ಇದ್ರೆ ನೀನು ಬಿಡ್ತಿರ್ಲಿಲ್ಲ." ಮತ್ತೆ ಕೇಳಲಿಲ್ಲ. ಆವತ್ತು ನನಗೆ ಉಸಿರು ಬಂದಂತಾಯಿತು ಎಂದು ಹೇಳಿದರೆ ನನಗೇ ನಾಚಿಕೆ.

ಆ ಹೆಂಗಸು ಕಣ್ಣು ಬಿಡಲೇ ಇಲ್ಲ. ಒಂದು ಮಧ್ಯಾಹ್ನ ನಾವು ವಾರ್ಡಿನ ಹೊರಗಿದ್ದಾಗಲೇ ನರ್ಸು ಬಂದು ವೆಲ್ಡರನ್ನು ಒಳಗೆ ಕರೆದಳು. ಅವನು ಹೊರಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು, ಅದರಲ್ಲಿ ಅವಳ ಚಪ್ಪಲಿ, ಬಳೆ, ಅಳತೆ ಟೇಪು. ಅಳಲಿಲ್ಲ. ನೇರವಾಗಿ ತಮ್ಮನ ಮುಂದೆ ಬಂದು ನಿಂತ.

"ಕೊನೇ ಸಲ ಕೇಳ್ತೀನಿ. ಲೈಟ್ ಇತ್ತಾ?"

ತಮ್ಮ ಎದ್ದು ನಿಂತ. ಕೈ ಮುಗಿದ. "ಇರ್ಲಿಲ್ಲ ಅಣ್ಣ. ನಮ್ಮಕ್ಕ ಎಲ್ಲಾ ಕಡೆ ನೋಡಿದ್ಲು. ಅಂಥ ಗಾಡಿನೇ ಇಲ್ಲ. ನಾನೇ ಕಣ್ಣು ಮುಚ್ಚಿಬಿಟ್ಟೆ ಅನ್ಸುತ್ತೆ. ನಿದ್ದೆ ಬಂದಿತ್ತೇನೋ. ಬೆಳಕು ಕನಸಲ್ಲಿ ಕಂಡಿದ್ದೇನೋ."

"ಇತ್ತು!" ಎಂದೆ ನಾನು. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿದರು. "ಇತ್ತು ಅಣ್ಣ, ಬೆಳಕು ಇತ್ತು!"

ವೆಲ್ಡರ್ ನನ್ನ ಕಡೆ ತಿರುಗಿದ. "ನಿಮಗೆ ಹೆಂಗೆ ಗೊತ್ತು?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ತಮ್ಮ ನನ್ನನ್ನೇ ನೋಡುತ್ತಿದ್ದ, ಕೆನ್ನೆಯ ಎಲುಬು ಎದ್ದ ಮುಖ, ಕೈ ಇನ್ನೂ ಮುಗಿದೇ ಇತ್ತು. ಅವನ ಆ ಎರಡು ಕೈಗಳನ್ನು ನೋಡಿದೆ.

"ನನ್ನ ತಮ್ಮ ಸುಳ್ಳು ಹೇಳೋನಲ್ಲ, ಅದಕ್ಕೆ," ಎಂದೆ.

"ಬಿಡಕ್ಕ," ಎಂದ ತಮ್ಮ, "ನನಗೋಸ್ಕರ ನೀನು ಸುಳ್ಳು ಹೇಳ್ಬೇಡ."

ವೆಲ್ಡರ್ ಚೀಲದ ಬಾಯಿ ಸುತ್ತಿದ. "ನಿನ್ನ ನಂಬಿದ್ದೆ ನಾನು," ಎಂದ ತಮ್ಮನಿಗೆ. "ಇಷ್ಟು ದಿನ ಇವಳ ಪಕ್ಕ ಕೂತು, ಪಾಪ ಆ ಹುಡುಗಂದು ತಪ್ಪಿಲ್ಲ ಕಣೇ ಅಂತ ಹೇಳ್ತಿದ್ದೆ." ಆಮೇಲೆ ಚೀಲ ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಹೋದ.

ನಿದ್ದೆ ಹೋಗಿದ್ದೆ ಎಂದು ತಮ್ಮ ಪೊಲೀಸರಿಗೂ ಹೇಳಿಕೆ ಕೊಟ್ಟ. ವಕೀಲರು ತಲೆ ಚಚ್ಚಿಕೊಂಡರು. ಇನ್ನು ಜೈಲು ತಪ್ಪುವುದಿಲ್ಲ, ಎಷ್ಟು ಕಾಲ ಎಂಬುದಷ್ಟೇ ಉಳಿದಿದೆ ಎಂದರು. ತೀರ್ಪು ಬರುವವರೆಗೆ ಅಂಗಡಿಯಲ್ಲೇ ಇರಲಿ ಎಂದು ಗಂಡ ಅವನಿಗೆ ಉಜ್ಜುವ ಕೆಲಸ ಕೊಟ್ಟ. ಹೊರದೇಶದ ದೀಪ ಹಾಕುವುದನ್ನು ನಾವು ನಿಲ್ಲಿಸಿಬಿಟ್ಟಿದ್ದೆವು, ಇದ್ದವನ್ನೆಲ್ಲ ಒಡೆದು ಗುಜರಿಗೆ ಹಾಕಿದ್ದೆವು. ಟೇಪಿನ ಸುರುಳಿಯನ್ನು ನಾನು ಬೀರುವಿನ ಮೇಲೆ ಬಚ್ಚಿಟ್ಟಿದ್ದೆ. ತಮ್ಮ ತಲೆ ತಗ್ಗಿಸಿ ಉಜ್ಜುತ್ತಿದ್ದ. "ಹೆಂಗಿದೆ ಅಕ್ಕ?" ಎಂದು ಒಂದು ದಿನವೂ ಕೇಳಲಿಲ್ಲ. ತಟ್ಟೆ ಇಟ್ಟು ಕರೆದರೂ ಊಟಕ್ಕೆ ಬರುತ್ತಿರಲಿಲ್ಲ. ಈಗ ಅವನನ್ನು ಗಡಿಬಿಡಿ ಎಂದು ಯಾರೂ ಕರೆಯುವುದಿಲ್ಲ.

ನಾವು ನಿಲ್ಲಿಸಿದರೆ ಊರು ನಿಲ್ಲಿಸುತ್ತದೆಯೇ? ಕಳೆದ ವಾರ ಸಂಜೆ ಒಬ್ಬ ಟ್ಯಾಕ್ಸಿಯವನು ಬಂದು, ಲೈಟ್ ಮಂಕಾಗಿದೆ, ಉಜ್ಜಿಡಿ ಎಂದು ಗಾಡಿ ಬಿಟ್ಟು ಹೋದ. ಬೇರೆ ಯಾವುದೋ ಅಂಗಡಿಯಲ್ಲಿ ಹಾಕಿಸಿದ ದೀಪ. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ತಮ್ಮನ ದನಿ ಕೇಳಿಸಿತು.

"ಭಾವ, ಇದರ ಮೇಲೆ ಕರಿ ಸ್ಟಿಕರ್ ಇದೆ. ತೆಗೀಲಾ? ಡಾಕ್ಟ್ರ ಗಾಡೀಲೂ ಹಿಂಗೇ ಇತ್ತು, ಅವತ್ತು ತೆಗೆದು ಉಜ್ಜಿದ್ದೆ."

"ಮುಟ್ಟಬೇಡ!" ಎಂದು ಗಂಡ ಕಿರುಚಿದ.

ಅವನು ಕಿರುಚಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಒದ್ದೆ ಕೈಯಲ್ಲೇ ಓಡಿ ಬಂದೆ. ತಮ್ಮ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಭಾವನ ಮುಖ ನೋಡಿದ, ನನ್ನ ಮುಖ ನೋಡಿದ. "ಯಾಕೆ?" ಎಂದ. ಅವನು ಎದ್ದು ಕಾರಿನೊಳಗೆ ಕೈ ಹಾಕಿ ಡಿಮ್ ಹಾಕಿದ. ಗೋಡೆಯ ಮೇಲೆ ಬೆಳಕು ತಗ್ಗಾಗಿ ಬಿತ್ತು. ಮತ್ತೆ ಬಂದು ಬಗ್ಗಿ, ಉಗುರಿನಿಂದ ಟೇಪಿನ ಮೂಲೆ ಎಬ್ಬಿಸಿ, ನಿಧಾನವಾಗಿ ಕಿತ್ತ.

ಬೆಳಕು ಕೆಂಪು ಗೆರೆ ದಾಟಿ ಎದುರಿನವರ ಕಡೆಗೆ ಏರಿತು.

ಅವನು ಗೋಡೆಯ ಹತ್ತಿರ ನಡೆದು ಹೋದ. ಬೆಳಕು ಏರಿದ ಜಾಗದಲ್ಲಿ ನಮ್ಮ ಕಡೆ ಮುಖ ಮಾಡಿ, ವ್ಯಾನಿನ ಸೀಟಿನಷ್ಟು ಎತ್ತರಕ್ಕೆ ಮಂಡಿ ಬಗ್ಗಿಸಿ ನಿಂತ. ಕಣ್ಣು ಮುಚ್ಚಲಿಲ್ಲ. ನೀರು ಸುರಿಯುತ್ತಿದ್ದರೂ ಮುಚ್ಚಲಿಲ್ಲ.

"ಇದೇ ಅಕ್ಕ," ಎಂದ.

ಗಂಡ ಹೋಗಿ ದೀಪ ಆರಿಸಿದ. ಕತ್ತಲೆಯಲ್ಲಿ ತಮ್ಮ ಕೈ ಚಾಚಿಕೊಂಡು, ತಡವರಿಸುತ್ತಾ ನಮ್ಮ ಹತ್ತಿರ ಬಂದ.

"ನಿದ್ದೆ ಬಂದಿರ್ಲಿಲ್ಲ ನನಗೆ."

"ಇಲ್ಲ ಕಣೋ."

"ಡಾಕ್ಟ್ರ ಗಾಡಿ. ನಾನೇ ಕಿತ್ತಿದ್ದು."

"ನಿನಗೆ ಗೊತ್ತಿರ್ಲಿಲ್ಲ, ನಾವು ಹೇಳಿರ್ಲಿಲ್ಲ..."

"ನಿನಗೆ ಸಿಕ್ಕಿತ್ತು ಅಲ್ವಾ?"

"ಹೂಂ."

"ಯಾವಾಗ?"

ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. "ಅವಳು ಬದುಕಿದ್ದಾಗ," ಎಂದೆ.

ಅವನು ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಅವನ ಭುಜ ಹಿಡಿದುಕೊಂಡು ಅತ್ತೆ. ನಿನ್ನನ್ನು ಉಳಿಸಿಕೊಳ್ಳಬೇಕು ಅಂತ ಕಣೋ, ಅಷ್ಟೇ ಕಣೋ ಎಂದು ಹೇಳಿದೆ. ಅವನು ನನ್ನ ಕೈ ತೆಗೆಯಲಿಲ್ಲ, ಹಿಡಿಯಲೂ ಇಲ್ಲ.

"ವೆಲ್ಡರ್ ಅಣ್ಣಂಗೆ ಹೇಳ್ಬೇಕು," ಎಂದ. "ಲೈಟ್ ಇತ್ತು ಅಂತ. ಅದನ್ನ ಬಿಟ್ಟೋನು ನಾನೇ ಅಂತ. ಎರಡೂ ಹೇಳ್ಬೇಕು."

"ನಾನೂ ಬರ್ತೀನಿ. ನಾನೇ ಹೇಳ್ತೀನಿ."

"ನಂಬ್ತಾರಾ ಅಕ್ಕ?"

ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ಜೈಲು ಹತ್ತಿರ ಬಂದಾಗ ಕತೆ ಬದಲಿಸಿದರು ಎನ್ನುತ್ತಾನೆ. ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಅನ್ನುತ್ತಿದ್ದೆ. ಆದರೂ ಮರುದಿನ ಇಬ್ಬರೂ ವೆಲ್ಡರ್ ಮನೆಗೆ ಹೋದೆವು. ಒಳಗೆ ಜನ ಇದ್ದ ಸದ್ದು ಕೇಳುತ್ತಿತ್ತು, ಹೊಲಿಗೆ ಮಿಷನ್ನನ್ನು ಯಾರೋ ಎಳೆದು ಪಕ್ಕಕ್ಕಿಟ್ಟರು. ಎಷ್ಟು ತಟ್ಟಿದರೂ ಬಾಗಿಲು ತೆರೆಯಲಿಲ್ಲ.

ಅದಕ್ಕೆ ಮುಂಚೆ, ಟೇಪು ಕಿತ್ತ ಆ ಸಂಜೆಯೇ, ಅಂಗಳದಲ್ಲಿ ತಮ್ಮ ಇನ್ನೊಂದು ಕೆಲಸ ಮಾಡಿದ್ದ. ಕಿತ್ತ ಟೇಪನ್ನು ಗಾಜಿನ ಮೇಲೆ ಇಟ್ಟು ಒತ್ತಿದ. ಅಂಟು ಹೋಗಿತ್ತು, ಮತ್ತೆ ಮತ್ತೆ ಜಾರಿ ಬಿತ್ತು. "ಭಾವ, ಒಂದು ಹೊಸಾ ತುಂಡು ಕೊಡಿ," ಎಂದ. ನಾನು ಬೀರುವಿನ ಮೇಲಿಂದ ಸುರುಳಿ ತಂದು ಕೊಟ್ಟೆ. ಗಂಡ ಕತ್ತರಿಸಿದ. ತಮ್ಮ ಅದನ್ನು ಸರಿಯಾದ ಜಾಗಕ್ಕೆ ಅಂಟಿಸಿ, ಅಂಚುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿದ. ದೀಪ ಹಾಕಿ ಗೋಡೆ ನೋಡಿ, ಆರಿಸಿದ.

"ಇನ್ನೊಂದು ಬದೀ ಲೈಟು ನಾಳೆ ಉಜ್ತೀನಿ," ಎಂದು ಹೇಳಿ ಕೈ ತೊಳೆಯಲು ಹೋದ.